ಪಿಡುಗಿನ ಕಾಲದಲ್ಲಿ ಕೆಲಸ ಹುಡುಕುವ ಬಗೆ

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟಿನಲ್ಲಿ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು, ಪೀಣ್ಯದ ವರ್ಕ್‌ಶಾಪುಗಳ ಮುಂದೆ ‘ಹೆಲ್ಪರ್ ಬೇಕು’ ಎಂಬ ಚೀಟಿ, ಐ.ಟಿ. ಕಂಪನಿಗಳ ವಾಕ್-ಇನ್, ಕನ್ಸಲ್ಟೆನ್ಸಿಯವರ ಫೋನು. ಬೆಂಗಳೂರಿನಲ್ಲಿ ಬಹಳಷ್ಟು ಜನಕ್ಕೆ ಕೆಲಸ ಸಿಗುತ್ತಿದ್ದುದು ಹೀಗೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆದಾಗ ಈ ದಾರಿಗಳೆಲ್ಲ ಒಟ್ಟಿಗೇ ಮುಚ್ಚಿಹೋದವು. ಸಿಎಂಐಇ ಸಂಸ್ಥೆಯ ಲೆಕ್ಕದಲ್ಲಿ ಆ ಏಪ್ರಿಲ್‌ನಲ್ಲಿ ನಿರುದ್ಯೋಗದ ಪ್ರಮಾಣ ಶೇ 23.5 ಮುಟ್ಟಿತು. ಕೆಲಸ ಕಳೆದುಕೊಂಡವರೂ ಹೊಸಬರೂ ಒಂದೇ ಬಾಗಿಲಿಗೆ ಬಂದು ನಿಂತರು.

ಆದರೂ ನೇಮಕಾತಿ ಪೂರ್ತಿ ನಿಲ್ಲಲಿಲ್ಲ. ಒಂದು ಕಡೆ ಬತ್ತಿ ಇನ್ನೊಂದು ಕಡೆ ಚಿಗುರಿತು, ಮುಖಾಮುಖಿ ಸಂದರ್ಶನ ಹೋಗಿ ಫೋನಿನ ಪರದೆಗೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನಿಧಾನವಾಯಿತು. ಎರಡು ವಾರದಲ್ಲಿ ಮುಗಿಯುತ್ತಿದ್ದ ಆಯ್ಕೆ ತಿಂಗಳುಗಟ್ಟಲೆ ಎಳೆಯಿತು. ಅಷ್ಟು ದಿನ ತಡೆದುಕೊಳ್ಳಲಾರದವರು ಅರ್ಧ ಸಂಬಳಕ್ಕೆ ಒಪ್ಪಿಕೊಂಡರು, ಇಲ್ಲವೇ ‘ರಿಜಿಸ್ಟ್ರೇಷನ್ ಫೀ’ ಕೇಳಿದವನಿಗೆ ಹಣ ಕಟ್ಟಿ ಕೈಸುಟ್ಟುಕೊಂಡರು. ಕೋವಿಡ್ ಕಾಲ ಕಲಿಸಿದ ಮೊದಲ ಪಾಠ ಇದು: ಇಂಥ ಹೊತ್ತಿನಲ್ಲಿ ರೆಸ್ಯೂಮೆ ತಿದ್ದುವುದಕ್ಕೂ ಮುಂಚೆ ಕಾಯುವ ತಾಕತ್ತು ಗಳಿಸಿಕೊಳ್ಳಬೇಕು. ಅದು ಬರುವುದು ಕಾಗದಪತ್ರದಿಂದ, ಪಿ.ಎಫ್.ನಿಂದ, ವಿಮೆಯಿಂದ. ಹುಡುಕಾಟ ಆಮೇಲೆ.

ಕೆಲಸ ಬಿಡುವ ದಿನವೇ ಮಾಡಬೇಕಾದ್ದು

ಮನೆಯಿಂದಲೇ ಕೆಲಸ ಮಾಡುತ್ತಿದ್ದವರಿಗೆ ಲಾಕ್‌ಡೌನ್ ದಿನಗಳಲ್ಲಿ ಕೆಲಸ ಹೋದ ಸುದ್ದಿ ಬರುತ್ತಿದ್ದುದೂ ವಿಡಿಯೋ ಕರೆಯಲ್ಲೇ. ಬೆಳಿಗ್ಗೆ ಎಚ್‌ಆರ್ ಜೊತೆ ಹದಿನೈದು ನಿಮಿಷದ ಮಾತು, ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್, ಕಂಪನಿಯ ಇ-ಮೇಲ್ ಬಂದ್. ಸಂಬಳದ ಚೀಟಿ, ಫಾರ್ಮ್ 16, ನೇಮಕಾತಿ ಪತ್ರ, ಇನ್‌ಕ್ರಿಮೆಂಟ್ ಪತ್ರ ಎಲ್ಲವೂ ಆ ಇ-ಮೇಲ್‌ನಲ್ಲೇ ಉಳಿದುಬಿಟ್ಟರೆ ಮುಂದಿನ ಕಂಪನಿ ಕೇಳಿದಾಗ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಹೆಸರಿನ ಇಂಥ ಕಾಗದಗಳನ್ನು, ಅವುಗಳನ್ನು ಮಾತ್ರ, ಸ್ವಂತ ಇ-ಮೇಲ್‌ಗೆ ಹಾಕಿಟ್ಟುಕೊಳ್ಳಿ. ಕಂಪನಿಯ ಫೈಲು, ಗ್ರಾಹಕರ ಪಟ್ಟಿ ಮುಟ್ಟಲು ಹೋಗಬೇಡಿ. ಅದು ಬೇರೆಯೇ ತೊಂದರೆ ತರುತ್ತದೆ.

ಎರಡನೆಯದು ‘ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್ ಚೆನ್ನಾಗಿರುತ್ತದೆ’ ಎಂಬ ಸಲಹೆ. ಆ ಮಾತಿನಲ್ಲಿ ಅರ್ಧ ನಿಜ ಇದೆ. ರಾಜೀನಾಮೆ ಕೊಟ್ಟವರಿಗೆ ಅನುಭವ ಪತ್ರ ಸಲೀಸಾಗಿ ಸಿಗುತ್ತದೆ. ಆದರೆ ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, ‘ಕೆಲಸಗಾರ’ ಎಂಬ ವ್ಯಾಖ್ಯೆಯೊಳಗೆ ಬರುವವರು ಒಂದು ವರ್ಷ ನಿರಂತರ ದುಡಿದಿದ್ದರೆ, ಅವರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕಿತ್ತು. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಬರೆದುಕೊಟ್ಟ ಮೇಲೆ ಆ ಹಕ್ಕು ಕೇಳುವುದು ಕಷ್ಟ. ಹಾಗಾಗಿ ಸಹಿ ಹಾಕುವ ಮೊದಲು ಮೂರು ವಿಷಯ ಇ-ಮೇಲ್‌ನಲ್ಲೇ ಕೇಳಿ: ನೋಟಿಸ್ ಅವಧಿಯ ಸಂಬಳ ಎಷ್ಟು, ಉಳಿದ ರಜೆಯ ಹಣ ಎಷ್ಟು, ಫೈನಲ್ ಸೆಟ್ಲ್‌ಮೆಂಟ್ ಯಾವ ದಿನ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿಯನ್ನೂ ಸೇರಿಸಿ. ಬಾಯಿಮಾತಿನಲ್ಲಿ ‘ನೋಡೋಣ’ ಎಂದದ್ದು ಆರು ತಿಂಗಳಾದ ಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಪಿ.ಎಫ್. ಹಣ ಮತ್ತು ಇನಿಶಿಯಲ್ಲಿನ ತಕರಾರು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಹಾಗಿದ್ದರೂ ಎಷ್ಟು ಹೊನ್ನಿದೆ, ಎಷ್ಟು ದಿನಕ್ಕೆ ಬರುತ್ತದೆ ಎಂಬ ಲೆಕ್ಕ ಬೇಕು. 2020ರ ಮಾರ್ಚ್ 28ರಂದು ಭವಿಷ್ಯನಿಧಿ ಯೋಜನೆಗೆ ತಿದ್ದುಪಡಿ ತಂದು, ಮರಳಿ ಕಟ್ಟಬೇಕಿಲ್ಲದ ಕೋವಿಡ್ ಮುಂಗಡಕ್ಕೆ ಅವಕಾಶ ಕೊಟ್ಟರು. ಮೂರು ತಿಂಗಳ ಮೂಲವೇತನ ಮತ್ತು ಡಿ.ಎ., ಅಥವಾ ಖಾತೆಯಲ್ಲಿರುವ ಹಣದ ಶೇ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಕೈಗೆ ಸಿಗುತ್ತಿತ್ತು. ಮೂಲವೇತನ ಮತ್ತು ಡಿ.ಎ. ಸೇರಿ 20,000 ರೂಪಾಯಿ, ಖಾತೆಯಲ್ಲಿ 1,60,000 ರೂಪಾಯಿ ಇದ್ದವರಿಗೆ ಮೂರು ತಿಂಗಳ ಲೆಕ್ಕ 60,000. ಶೇ 75ರ ಲೆಕ್ಕ 1,20,000. ಸಿಗುವುದು 60,000. ಎರಡನೇ ಅಲೆ ಬಂದಾಗ, 2021ರ ಮೇ ಕೊನೆಯಲ್ಲಿ, ಇಂಥ ಮುಂಗಡವನ್ನು ಇನ್ನೊಮ್ಮೆ ಪಡೆಯಲು ಬಿಟ್ಟರು.

ಕಾಗದದ ಮೇಲೆ ಇಷ್ಟು ಸುಲಭ. ಸಾವಿರಾರು ಅರ್ಜಿ ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ನಮ್ಮಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇನಿಶಿಯಲ್ ಆಗಿ ಕೂತಿರುತ್ತದೆ. ಆಧಾರ್‌ನಲ್ಲಿ ‘ಮಂಜುನಾಥ ಎನ್’, ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ಬಿಡಿಸಿ ‘ಮಂಜುನಾಥ ನಾರಾಯಣಪ್ಪ’, ಪಿ.ಎಫ್.ನಲ್ಲಿ ಕಂಪನಿಯ ಗುಮಾಸ್ತ ಬರೆದ ‘ಎನ್. ಮಂಜುನಾಥ್’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ‘ಮಂಜುನಾಥ’. ಮನುಷ್ಯ ಒಬ್ಬನೇ, ಆದರೆ ಕಂಪ್ಯೂಟರಿಗೆ ನಾಲ್ವರು. ಇದನ್ನು ಸರಿಪಡಿಸಲು ಆಗ ಉದ್ಯೋಗಿ, ಮಾಲೀಕ ಇಬ್ಬರೂ ಸೇರಿ ತಿದ್ದುಪಡಿ ಕೋರಬೇಕಿತ್ತು. ಆಫೀಸೇ ಬೀಗ ಹಾಕಿಕೊಂಡಿದ್ದಾಗ ಸಹಿ ಹಾಕುವವರು ಯಾರು? ಪಿ.ಎಫ್. ಸದಸ್ಯರ ಯುಎಎನ್ ಸಂಖ್ಯೆಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಿಸಿ, ಹೆಸರು ಎಲ್ಲ ಕಡೆ ಒಂದೇ ತರಹ ಇದೆಯೇ ಎಂದು ನೋಡುವ ಕೆಲಸ ನೌಕರಿಯಲ್ಲಿದ್ದಾಗಲೇ ಮುಗಿಯಬೇಕು.

‘ಕೆಲಸ ಬಿಟ್ಟ ದಿನಾಂಕ’ ಇನ್ನೊಂದು ಮೊಳೆ. ಹಳೆಯ ಕಂಪನಿ ಅದನ್ನು ತುಂಬದಿದ್ದರೆ ಹಣ ವರ್ಗಾವಣೆಯೂ ಇಲ್ಲ, ಪೂರ್ತಿ ವಾಪಸಾತಿಯೂ ಇಲ್ಲ. 2020ರ ಆರಂಭದಿಂದ ಈ ದಿನಾಂಕವನ್ನು ಸದಸ್ಯರೇ ಪೋರ್ಟಲ್‌ನಲ್ಲಿ ತುಂಬಬಹುದಾಯಿತು, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ. ಬೇರೆ ದಾರಿ ಇರುವವರೆಗೆ ಪಿ.ಎಫ್. ಖಾತೆಯನ್ನು ಪೂರ್ತಿ ಬರಿದು ಮಾಡಬೇಡಿ. ಸೇವೆ ಐದು ವರ್ಷ ಮುಟ್ಟುವ ಮೊದಲೇ ಎಲ್ಲ ತೆಗೆದರೆ ಸಾಮಾನ್ಯವಾಗಿ ತೆರಿಗೆಯೂ ಬೀಳುತ್ತದೆ.

ಇ.ಎಸ್.ಐ.ನಲ್ಲಿ ಹೆಚ್ಚು ಜನಕ್ಕೆ ತಿಳಿಯದ ಭತ್ಯೆ

ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳವಿರುವ ಇ.ಎಸ್.ಐ. ಸದಸ್ಯರಿಗೆ ಆಸ್ಪತ್ರೆ ಸೌಲಭ್ಯ ಇರುವುದು ಎಲ್ಲರಿಗೂ ಗೊತ್ತು. ಕೆಲಸ ಹೋದರೆ ನಗದು ಸಿಗುವ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ 2018ರಿಂದಲೇ ಇದ್ದದ್ದು ಕೆಲವರಿಗಷ್ಟೇ ಗೊತ್ತಿತ್ತು. ಕೋವಿಡ್ ಬಂದಾಗ ಅದನ್ನು ಸಡಿಲಗೊಳಿಸಿದರು. ದಿನಗೂಲಿ ಸರಾಸರಿಯ ಶೇ 25 ಇದ್ದ ಪರಿಹಾರ ಶೇ 50 ಆಯಿತು. ಕೆಲಸ ಹೋಗಿ 90 ದಿನ ಕಾಯಬೇಕಿದ್ದದ್ದು 30 ದಿನಕ್ಕೆ ಇಳಿಯಿತು. ಅರ್ಜಿ ಮಾಲೀಕರ ಮೂಲಕವೇ ಬರಬೇಕೆಂಬ ಕಟ್ಟೂ ಹೋಯಿತು, ಕೆಲಸಗಾರ ನೇರವಾಗಿ ಇ.ಎಸ್.ಐ. ಶಾಖಾ ಕಚೇರಿಗೆ ಸಲ್ಲಿಸಬಹುದಿತ್ತು. ಕನಿಷ್ಠ ಎರಡು ವರ್ಷ ವಿಮೆಯ ವ್ಯಾಪ್ತಿಯ ಕೆಲಸದಲ್ಲಿದ್ದು ನಿಗದಿತ ದಿನಗಳ ವಂತಿಗೆ ಕಟ್ಟಿದ್ದವರಿಗೆ 90 ದಿನಗಳವರೆಗೆ ಈ ಹಣ. 18,000 ರೂಪಾಯಿ ದುಡಿಯುತ್ತಿದ್ದವರ ದಿನದ ಸರಾಸರಿ 600 ಎಂದಿಟ್ಟುಕೊಂಡರೆ ದಿನಕ್ಕೆ 300, ಒಟ್ಟು 27,000 ರೂಪಾಯಿ. ಬೆಂಗಳೂರಿನ ಹೊರವಲಯದ ಒಂದು ಕೋಣೆಯ ಮನೆಗೆ ಮೂರು ತಿಂಗಳ ಬಾಡಿಗೆ, ರೇಷನ್ನು ಆಗ ಅದರಲ್ಲಿ ಆಗುತ್ತಿತ್ತು. ಜೀವಮಾನದಲ್ಲಿ ಸಿಗುತ್ತಿದ್ದುದು ಒಟ್ಟು 90 ದಿನವಾದ್ದರಿಂದ ಯಾವಾಗ ಬಳಸಬೇಕೆಂದು ಯೋಚಿಸಿಯೇ ಕೇಳಬೇಕಿತ್ತು.

ಸಾಲದ ಕಂತಿಗೂ ಆಗ ಬಿಡುವು ಸಿಕ್ಕಿತ್ತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಮುಂದೂಡಿದ ಅಷ್ಟೂ ದಿನ ಅಸಲಿನ ಮೇಲೆ ಬಡ್ಡಿ ಓಡುತ್ತಲೇ ಇತ್ತು. ಕೈಯಲ್ಲಿ ಹಣ ಇದ್ದವರು ಕಟ್ಟಿದ್ದೇ ಲಾಭ. ಸಂಬಳವೇ ನಿಂತವರಿಗೆ ಆ ಬಡ್ಡಿ ಕಾಯುವುದಕ್ಕೆ ತೆತ್ತ ಬೆಲೆ.

ಇನ್ನು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಪಿಡುಗಿನ ನಡುವೆ ಅದಿಲ್ಲದೆ ಇರುವುದು ಅಪಾಯ. ಗುಂಪು ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇರುತ್ತದೆ. ಕೆಲಸ ಬಿಡುವ ಮೊದಲೇ ವಿಮಾ ಕಂಪನಿಗೆ ಬರೆದು ಕೇಳಿ. 2020ರ ಜುಲೈನಲ್ಲಿ ಬಂದ ‘ಕೊರೊನಾ ಕವಚ’ ಪಾಲಿಸಿ ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳ ಅವಧಿಗೆ, 50,000ದಿಂದ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಟ್ಟಿತು. ಎರಡು ನೌಕರಿಗಳ ನಡುವಿನ ಸಂದನ್ನು ಮುಚ್ಚಲು ಅಷ್ಟು ಸಾಕಿತ್ತು.

ಕೆಲಸ ಎಲ್ಲಿಗೆ ಹೋಗಿತ್ತು?

ಹೋಟೆಲು, ಟ್ರಾವೆಲ್ಸ್, ಸಿನಿಮಾ ಮಂದಿರ, ಮದುವೆ ಛತ್ರ ಮುಚ್ಚಿದ್ದವು. ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಷರ್ಟು ಬಿಟ್ಟು ಪಿಪಿಇ ಕಿಟ್ ಹೊಲಿಯತೊಡಗಿದವು. ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ ಬಿಇಎಲ್ 30,000 ವೆಂಟಿಲೇಟರ್ ತಯಾರಿಕೆಗೆ ಇಳಿಯಿತು. 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದ್ದರಿಂದ ಫೋನಿನಲ್ಲಿ ವೈದ್ಯರನ್ನು ಕಾಣಿಸುವ ಕಂಪನಿಗಳು ಬೆಳೆದವು. ದಿನಸಿ, ಔಷಧಿ ಮನೆಗೆ ತಲುಪಿಸುವ ಕಂಪನಿಗಳಿಗೆ ಗೋದಾಮಿನಲ್ಲೂ ರಸ್ತೆಯಲ್ಲೂ ಜನ ಬೇಕಾಯಿತು. 2020ರ ನವೆಂಬರ್ 5ರಂದು ದೂರಸಂಪರ್ಕ ಇಲಾಖೆ ಕಾಲ್‌ಸೆಂಟರ್‌ಗಳಂಥ ಸಂಸ್ಥೆಗಳ ನಿಯಮ ಸಡಿಲಿಸಿದ ಮೇಲೆ ಹಾವೇರಿಯಲ್ಲೋ ಹಾಸನದಲ್ಲೋ ಕೂತವರನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದು ಸುಲಭವಾಯಿತು.

ಇಲ್ಲಿ ಹುದ್ದೆಯ ಹೆಸರಿಗೆ ಅಂಟಿಕೊಂಡವರು ಸೋತರು. ಹೋಟೆಲಿನ ಫ್ರಂಟ್ ಆಫೀಸ್ ನೋಡಿಕೊಂಡಿದ್ದವರು ‘ಫ್ರಂಟ್ ಆಫೀಸ್’ ಎಂದೇ ಹುಡುಕಿದರೆ 2020ರಲ್ಲಿ ಏನೂ ಸಿಗುತ್ತಿರಲಿಲ್ಲ. ಅವರು ನಿಜಕ್ಕೂ ಮಾಡುತ್ತಿದ್ದುದೇನು? ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುವುದು, ಕಂಪ್ಯೂಟರಿನಲ್ಲಿ ಬುಕಿಂಗ್ ಬದಲಿಸುವುದು, ಮೂರು ಭಾಷೆಯಲ್ಲಿ ಮಾತಾಡುವುದು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ವಿಭಾಗಕ್ಕೂ ಇ-ಕಾಮರ್ಸ್ ಕಸ್ಟಮರ್ ಕೇರ್‌ಗೂ ಬೇಕಾದದ್ದು ಇದೇ. ಹಾಳೆಯ ಒಂದು ಬದಿಯಲ್ಲಿ ನೀವು ದಿನವೂ ಮಾಡುತ್ತಿದ್ದ ಹತ್ತು ಕೆಲಸ ಬರೆಯಿರಿ, ಹುದ್ದೆಯ ಹೆಸರು ಬರೆಯಬೇಡಿ. ಇನ್ನೊಂದು ಬದಿಯಲ್ಲಿ ಈಗ ನೇಮಕ ನಡೆಯುತ್ತಿರುವ ಐದು ಜಾಹೀರಾತಿನಲ್ಲಿ ಕೇಳಿದ್ದನ್ನು ಬರೆಯಿರಿ. ಎರಡೂ ಕಡೆ ಕಾಣುವ ಪದಗಳೇ ನಿಮ್ಮ ಹೊಸ ರೆಸ್ಯೂಮೆಯ ಮೊದಲ ನಾಲ್ಕು ಸಾಲು.

ಸಣ್ಣ ಕಂಪನಿಗಳಲ್ಲಿ ಕೇಳಬಹುದಾಗಿದ್ದ ಇನ್ನೊಂದು ಮಾತೂ ಇತ್ತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 15,000 ರೂಪಾಯಿಗಿಂತ ಕಡಿಮೆ ಸಂಬಳಕ್ಕೆ ಹೊಸಬರನ್ನು, ಅಥವಾ 2020ರ ಮಾರ್ಚ್ 1ರಿಂದ ಸೆಪ್ಟೆಂಬರ್ 30ರ ನಡುವೆ ಕೆಲಸ ಕಳೆದುಕೊಂಡವರನ್ನು ಸೇರಿಸಿಕೊಂಡರೆ, ಸಾವಿರದವರೆಗೆ ನೌಕರರಿರುವ ಅರ್ಹ ಸಂಸ್ಥೆಗಳ ಪರವಾಗಿ ಎರಡು ವರ್ಷ ಎರಡೂ ಕಡೆಯ ಪಿ.ಎಫ್. ವಂತಿಗೆಯನ್ನು ಸರ್ಕಾರವೇ ಕಟ್ಟುತ್ತಿತ್ತು. ‘ನನ್ನ ಯುಎಎನ್ ಇದೆ, ಈ ಯೋಜನೆಗೆ ನಾನು ಬರುತ್ತೇನೆ’ ಎಂದು ಅಭ್ಯರ್ಥಿಯೇ ಹೇಳಿದರೆ ಮಾಲೀಕರ ಲೆಕ್ಕಾಚಾರ ಬದಲಾಗುತ್ತಿತ್ತು.

ಸಾವಿರ ಅರ್ಜಿಯ ನಡುವೆ ನಿಮ್ಮದು

ಒಂದು ಹುದ್ದೆಗೆ ಸಾವಿರ ಅರ್ಜಿ ಬಂದಾಗ ನೇಮಕಾತಿ ಮಾಡುವವರು ಎಲ್ಲವನ್ನೂ ಓದುವುದಿಲ್ಲ. ನೌಕ್ರಿ ಡಾಟ್ ಕಾಮ್‌ನಂಥ ಪೋರ್ಟಲ್‌ನಲ್ಲಿ ಊರು, ಅನುಭವ, ಕೌಶಲ, ನೋಟಿಸ್ ಅವಧಿ ಹಾಕಿ ಸೋಸುತ್ತಾರೆ. ಕೆಲಸ ಹೋದವರಿಗೆ ಇಲ್ಲೇ ಒಂದು ಅನುಕೂಲ ಅಡಗಿದೆ. ಐ.ಟಿ.ಯಲ್ಲಿ ನೋಟಿಸ್ ಅವಧಿ 60 ದಿನ, 90 ದಿನ ಇರುವುದು ಮಾಮೂಲು. ಪ್ರಾಜೆಕ್ಟ್ ಮುಂದಿನ ವಾರ ಶುರುವಾಗಬೇಕಿದ್ದಾಗ ಅಷ್ಟು ದಿನ ಕಾಯಲು ಆಗುವುದಿಲ್ಲ. ‘ತಕ್ಷಣ ಸೇರಬಲ್ಲೆ’ ಎಂದು ಪ್ರೊಫೈಲಿನಲ್ಲಿ ಸ್ಪಷ್ಟವಾಗಿ ಹಾಕಿದವರ ಹೆಸರು ಆ ಸೋಸುವಿಕೆಯಲ್ಲಿ ಮೇಲೆ ಬರುತ್ತದೆ. ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ನೋಂದಣಿ ಉಚಿತ. ಐ.ಟಿ.ಐ., ಡಿಪ್ಲೊಮಾ ಓದಿದವರು ಇವನ್ನು ಬಿಡಬಾರದು.

ಇದೆಲ್ಲಕ್ಕಿಂತ ಗಟ್ಟಿ ದಾರಿ ಒಳಗಿರುವವರ ರೆಫರೆನ್ಸ್. ಅದನ್ನು ವಶೀಲಿ ಎಂದುಕೊಂಡು ಸಂಕೋಚ ಪಡುವವರಿದ್ದಾರೆ. ರೆಫರೆನ್ಸ್ ಮಾಡುವುದು ಇಷ್ಟೇ: ನಿಮ್ಮ ರೆಸ್ಯೂಮೆಯನ್ನು ಸಾವಿರದ ರಾಶಿಯಿಂದ ಇಪ್ಪತ್ತರ ರಾಶಿಗೆ ತರುತ್ತದೆ. ಸಂದರ್ಶನ ನೀವೇ ಗೆಲ್ಲಬೇಕು. ಎಷ್ಟೋ ಕಂಪನಿಗಳು ರೆಫರ್ ಮಾಡಿದ ನೌಕರರಿಗೆ ಬೋನಸ್ಸನ್ನೂ ಕೊಡುತ್ತವೆ, ಹಾಗಾಗಿ ಕೇಳಿದರೆ ಯಾರಿಗೂ ಹೊರೆಯಲ್ಲ. ಆದರೆ ಕೇಳುವ ರೀತಿ ಇದೆ. ‘ಸರ್, ಏನಾದರೂ ಕೆಲಸ ಇದ್ದರೆ ಹೇಳಿ’ ಎಂದು ಕಳಿಸಿದ ವಾಟ್ಸ್ಆ್ಯಪ್‌ಗೆ ‘ಖಂಡಿತ, ನೋಡೋಣ’ ಎಂಬ ಉತ್ತರ ಬಂದು ಅಲ್ಲಿಗೇ ನಿಲ್ಲುತ್ತದೆ. ಅದನ್ನೇ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ಪೀಣ್ಯದಲ್ಲಿ ನಿಮ್ಮ ಶಿಫ್ಟಿನಲ್ಲಿ ಎರಡು ವರ್ಷ ಕ್ವಾಲಿಟಿ ನೋಡಿಕೊಂಡಿದ್ದೆ. ಲಾಕ್‌ಡೌನ್‌ನಲ್ಲಿ ನಮ್ಮ ಲೈನ್ ನಿಂತಿತು, ಏಪ್ರಿಲ್‌ನಿಂದ ಕೆಲಸ ಇಲ್ಲ. ನಿಮ್ಮ ಈಗಿನ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ ಕರೆದಿದ್ದಾರೆ, ಜಾಹೀರಾತಿನ ಲಿಂಕ್ ಇದು. ನಾಳೆಯೇ ಸೇರಬಲ್ಲೆ. ನನ್ನ ಕೆಲಸ ಕಂಡವರು ನೀವು, ಸರಿ ಅನ್ನಿಸಿದರೆ ರೆಫರ್ ಮಾಡಿ. ರೆಸ್ಯೂಮೆ ಜೊತೆಗಿದೆ.’

ಓದಿದವರು ಮಾಡಬೇಕಾದದ್ದು ಒಂದೇ ಕೆಲಸ, ಫಾರ್ವರ್ಡ್. ಅದಕ್ಕೆ ಬೇಕಾದದ್ದೆಲ್ಲ ಆ ಸಂದೇಶದಲ್ಲೇ ಇದೆ.

‘ಯಾಕೆ ಬಿಟ್ಟಿರಿ?’

ಈ ಪ್ರಶ್ನೆಗೆ ಕತೆ ಕಟ್ಟಬೇಡಿ. ‘ಪ್ರವಾಸಿ ಬುಕಿಂಗ್ ನಿಂತಿದ್ದರಿಂದ 2020ರ ಮೇನಲ್ಲಿ ನಮ್ಮ ವಿಭಾಗ ಮುಚ್ಚಿತು’ ಎಂಬ ಒಂದು ಸಾಲು ಸಾಕು. ಮಾತನ್ನು ಅಲ್ಲಿಂದ ಆಮೇಲೆ ಕಲಿತದ್ದಕ್ಕೋ ಮಾಡಿದ್ದಕ್ಕೋ ಒಯ್ಯಿರಿ. ಖಾಲಿ ತಿಂಗಳು ಮುಚ್ಚಲು ಹಳೆಯ ಕೆಲಸದ ದಿನಾಂಕ ಎಳೆಯುವುದು, ದುಡ್ಡು ಕೊಟ್ಟು ನಕಲಿ ಅನುಭವ ಪತ್ರ ತರುವುದು ಈಗ ದಕ್ಕುವುದಿಲ್ಲ. ಯುಎಎನ್‌ನ ಸೇವಾ ವಿವರದಲ್ಲಿ ಯಾವ ಕಂಪನಿ, ಯಾವ ತಿಂಗಳವರೆಗೆ ಪಿ.ಎಫ್. ಕಟ್ಟಿತು ಎಂಬುದು ಸಾಲಾಗಿ ಕಾಣುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ನೋಡುವುದೇ ಅದನ್ನು. ಸೇರಿದ ಮೇಲೆ ಸಿಕ್ಕಿಬಿದ್ದರೆ ಆ ಕೆಲಸವೂ ಹೋಗುತ್ತದೆ.

ಸಂಬಳದ ಮಾತಿನಲ್ಲಿ ಸಿ.ಟಿ.ಸಿ. ಸಂಖ್ಯೆ ನೋಡಿ ಖುಷಿಪಡುವ ಮೊದಲು ಕೈಗೆ ಬರುವುದೆಷ್ಟು, ವೇರಿಯಬಲ್ ಎಷ್ಟು ಎಂದು ಕೇಳಿ. ವ್ಯಾಪಾರ ಕುಸಿದ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ವೇರಿಯಬಲ್‌ಗೆ. ಕಡಿಮೆಗೆ ಒಪ್ಪಲೇಬೇಕಾದರೆ ಆರು ತಿಂಗಳ ನಂತರ ಪರಿಷ್ಕರಣೆ ಎಂಬ ಮಾತನ್ನು ಆಫರ್ ಪತ್ರದಲ್ಲೇ ಬರೆಸಿಕೊಳ್ಳಿ.

ಗುಡ್ಡದ ಮೇಲಿನ ಸಂದರ್ಶನ

ಮಲೆನಾಡಿನ ಹಳ್ಳಿಗಳಲ್ಲಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕೂತು ಆನ್‌ಲೈನ್ ಪಾಠ ಕೇಳಿದ ಮಕ್ಕಳ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಊರಿಗೆ ಮರಳಿದ್ದ ಅಣ್ಣಂದಿರು, ಅಕ್ಕಂದಿರ ವಿಡಿಯೋ ಸಂದರ್ಶನದ ಪಾಡೂ ಅದೇ. ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಗೆಳೆಯರಿಗೊಂದು ವಿಡಿಯೋ ಕರೆ ಮಾಡಿ ಪರೀಕ್ಷಿಸಿ. ಸಂಜೆ ಆರಕ್ಕೆ ಓಡುವ ನೆಟ್ಟು ಬೆಳಿಗ್ಗೆ ಹತ್ತಕ್ಕೆ ಓಡದಿರಬಹುದು. ಇನ್ನೊಂದು ಕಂಪನಿಯ ಸಿಮ್ಮಿಗೂ ಡೇಟಾ ಹಾಕಿಸಿಡಿ. ‘ಇಲ್ಲಿ ಕರೆಂಟು ಹೋಗುವುದುಂಟು, ಕರೆ ಕಡಿದರೆ ಈ ನಂಬರಿಗೆ ಫೋನ್ ಮಾಡಿ’ ಎಂದು ಮೊದಲೇ ಎಚ್‌ಆರ್‌ಗೆ ಬರೆದರೆ ಅದು ನೆಪವಾಗುವುದಿಲ್ಲ, ಜವಾಬ್ದಾರಿಯಾಗಿ ಕಾಣುತ್ತದೆ. ಕಿಟಕಿ ಎದುರಿಗಿರಲಿ, ಬೆನ್ನಿಗೆ ಬೇಡ. ಫೋನನ್ನು ಕಣ್ಣಿನ ಮಟ್ಟಕ್ಕೆ ಪುಸ್ತಕದ ಅಟ್ಟಿಯ ಮೇಲಿಡಿ. ನೆಟ್ಟು ಕುಂಟುತ್ತಿದ್ದರೆ ಕೇಳಿಕೊಂಡು ವಿಡಿಯೋ ನಿಲ್ಲಿಸಿ ಧ್ವನಿಯಲ್ಲೇ ಮುಂದುವರಿಯಿರಿ. ಮುಖ ಕಾಣದಿದ್ದರೂ ಮಾತು ಕಡಿಯಬಾರದು.

ಹಣ ಕೇಳಿದರೆ ಅದು ಕೆಲಸವಲ್ಲ

ಮುಖ ನೋಡದೆ ನೇಮಕ ನಡೆಯುವ ಕಾಲ ವಂಚಕರಿಗೆ ಸುಗ್ಗಿ. ದೊಡ್ಡ ಕಂಪನಿಯ ಲೋಗೋ ಇರುವ ಆಫರ್ ಪತ್ರ ಬರುತ್ತದೆ, ಕಳಿಸಿದ ವಿಳಾಸ ಮಾತ್ರ ಜಿಮೇಲ್. ಲ್ಯಾಪ್‌ಟಾಪ್ ಡೆಪಾಸಿಟ್, ದಾಖಲೆ ಪರಿಶೀಲನೆ, ತರಬೇತಿ ಎಂದು ಒಂದೊಂದಾಗಿ ಹಣ ಕೇಳುತ್ತಾರೆ, ಕೊನೆಗೆ ಎಲ್ಲವೂ ವಾಪಸ್ ಎನ್ನುತ್ತಾರೆ. ಮನೆಯಲ್ಲೇ ಡೇಟಾ ಎಂಟ್ರಿ ಎಂಬ ಇನ್ನೊಂದು ಬಗೆಯಲ್ಲಿ, ನೂರಾರು ಫಾರ್ಮ್ ತುಂಬಿಸಿಕೊಂಡು, ತಪ್ಪು ಮಾಡಿದ್ದೀರಿ, ಒಪ್ಪಂದ ಮುರಿದಿದ್ದೀರಿ ಎಂದು ವಕೀಲರ ನೋಟಿಸಿನಂಥ ಕಾಗದ ಕಳಿಸಿ ದಂಡ ಕೇಳುತ್ತಾರೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಹಣ ಕೇಳುವುದಿಲ್ಲ. ಅನುಮಾನ ಬಂದರೆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಕಂಪನಿಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ಮಾಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಊರಿಗೆ ಮರಳಿದವರಿಗೆ

2020ರ ಬೇಸಿಗೆಯಲ್ಲಿ ಪದವೀಧರರೂ ನರೇಗಾ ಕೆಲಸಕ್ಕೆ ಇಳಿದದ್ದು ಉಂಟು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 275 ರೂಪಾಯಿ. ಜಾಬ್ ಕಾರ್ಡ್ ಇದ್ದವರು ಪಂಚಾಯಿತಿಗೆ ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು. ಅರ್ಜಿಗೆ ದಿನಾಂಕ ಹಾಕಿದ ಸ್ವೀಕೃತಿ ಕೇಳಿ ಪಡೆದವರಿಗೆ ಮಾತ್ರ ಆ 15 ದಿನದ ಗಡುವು ಕೈಯಲ್ಲಿರುತ್ತಿತ್ತು. ಕೆರೆ ಹೂಳೆತ್ತಿದ ಎರಡು ತಿಂಗಳನ್ನು ಸಂದರ್ಶನದಲ್ಲಿ ಮುಚ್ಚಿಡಬೇಕಾಗಿಲ್ಲ. ಕೈಕಟ್ಟಿ ಕೂರದವರು ಎಂಬುದು ಯಾವ ಮಾಲೀಕರಿಗೂ ಒಳ್ಳೆಯ ಮಾತೇ.

ಕೋವಿಡ್ ಕಾಲದ ರಿಯಾಯಿತಿಗಳು ಆ ಕಾಲಕ್ಕೆಂದು ಬಂದವು. ಮುಂದೊಂದು ಸಂಕಟ ಬಂದರೆ ಬೇರೆ ಹೆಸರಿನಲ್ಲಿ, ಬೇರೆ ಷರತ್ತಿನೊಂದಿಗೆ ಬರಬಹುದು. ಅವು ತಲುಪುವುದು ಕಾಗದ ಸರಿಯಿದ್ದವರಿಗೆ ಮೊದಲು. ಈಗ ಕೆಲಸದಲ್ಲಿರುವವರು ಮಾಡಬಹುದಾದದ್ದು ಕಡಿಮೆಯೇನಲ್ಲ: ಪಿ.ಎಫ್. ಖಾತೆ ತೆರೆದು ಹೆಸರು, ಬ್ಯಾಂಕ್, ಹಿಂದಿನ ಕಂಪನಿ ಬಿಟ್ಟ ದಿನಾಂಕ ನೋಡುವುದು. ಕಂಪನಿಯದ್ದಲ್ಲದ ಒಂದು ಸಣ್ಣ ಆರೋಗ್ಯ ವಿಮೆ ಮಾಡಿಸುವುದು. ಸಂಬಳದ ಚೀಟಿಗಳನ್ನು ಸ್ವಂತ ಇ-ಮೇಲ್‌ಗೆ ಹಾಕಿಕೊಳ್ಳುವುದು. ಹಿಂದೆ ಜೊತೆಯಲ್ಲಿ ದುಡಿದವರಿಗೆ ಏನೂ ಕೇಳದೆ ಒಂದು ಫೋನ್ ಮಾಡುವುದು. ಬರುವ ಭಾನುವಾರ ಇಷ್ಟಕ್ಕೆ ಸಾಕು.